ನಮ್ಮ ಮನೆ ದಿನಾ 25 ಮೀಟರ್ ಮೇಲೇಳುತ್ತದೆ

ಗುಡ್ಡ ಹತ್ತುವಾಗ ಎತ್ತರ ತೋರಿಸೋಕೆ ಜೇಬಲ್ಲಿ ಹಿಡಿಯುವಂಥ ಡಬ್ಬಿ ಮಾಡಬೇಕು ಅಂತ ಗಾಳಿಯ ಒತ್ತಡ ಅಳೆಯುವ ಮೂರು ಪ್ರೆಶರ್ ಸೆನ್ಸರ್ ತರಿಸಿದೆ. ಮೇಲೆ ಹೋದಷ್ಟೂ ಒತ್ತಡ ಇಳಿಯುತ್ತದೆ, ಅದರಿಂದಲೇ ಎತ್ತರದ ಲೆಕ್ಕ. ಬಾಷ್‌ನ ಬಿಎಂಪಿ280, ಇನ್ಫಿನಿಯಾನ್‌ನ ಡಿಪಿಎಸ್310, ಡ್ರೋನ್ ಹುಡುಗರು ಹೇಳುವ ಎಂಎಸ್5611. ನಿಜ ಹೇಳಬೇಕಂದ್ರೆ ನಾನು ಕೇಳಿದ್ದು ತೇವಾಂಶವನ್ನೂ ಅಳೆಯುವ ಬಿಎಂಇ280. ಅದರ ಚಿಪ್ ಐಡಿ, ಅಂದ್ರೆ ಚಿಪ್ಪೇ ಹೇಳುವ ಗುರುತಿನ ಸಂಖ್ಯೆ, ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 60. ನನಗೆ ಬಂದದ್ದು 58, ಅಂದ್ರೆ ಬಿಎಂಪಿ280. ಮಾರಿದವನು ಸುಮ್ನೆ ಟೋಪಿ ಹಾಕಿದ. ಇರಲಿ, ಒತ್ತಡ ಅಳೆಯೋಕೆ ಇದೂ ಸಾಕು.

ಮೂರನ್ನೂ ಒಂದೇ ಬೋರ್ಡಿಗೆ ಕೂರಿಸಿ ಮಾಳಿಗೆ ಮೆಟ್ಟಿಲು ಹತ್ತಿದೆ. ಡಿಪಿಎಸ್310ರಲ್ಲಿ ಒಂದೊಂದು ಮೆಟ್ಟಿಲೂ ಬೇರೆಬೇರೆಯಾಗಿ ಕಾಣಿಸಿತು. ಫಿಲ್ಟರ್ (ಅಂಕಿಯ ಕುಣಿತ ತಗ್ಗಿಸುವ ಸೆಟ್ಟಿಂಗ್) ಹಾಕದ ಬಿಎಂಪಿ280 ಅಂಕಿ ನಿಂತಲ್ಲೇ ಕುಣಿಯುತ್ತಿತ್ತು. ಎಂಎಸ್5611 ಮಾತ್ರ ಬಿಸಿಲಿಗೆ ಬಂದ ಕೂಡಲೇ ಹಾರಿತು. ಸಿಲಿಕಾನ್‌ಗೆ ಬೆಳಕು ತಾಗುತ್ತದೆ ಅಂತ ಅದರ ಡೇಟಾಶೀಟಲ್ಲೇ (ಕಂಪನಿ ಕೊಡುವ ವಿವರದ ಹಾಳೆಯಲ್ಲೇ) ಇದೆ, ನಾನು ಓದಿರಲಿಲ್ಲ. ಮೇಲೆ ಕಪ್ಪು ಸ್ಪಂಜು ಇಟ್ಟ ಮೇಲೆ ತೆಪ್ಪಗಾಯಿತು.

ಬಳ್ಳಾರಿಯಲ್ಲಿ ಬಿಸಿಯೂ ಲೆಕ್ಕಕ್ಕೆ ಬರುತ್ತದೆ ಅಲ್ವಾ. ಒಂದು ಡಿಗ್ರಿ ಏರಿದರೆ ಬಿಎಂಪಿ280 ಸುಮಾರು 1.5 ಪಾಸ್ಕಲ್ (ಒತ್ತಡದ ಅಳತೆ) ಜಾರಬಹುದು, ಡಿಪಿಎಸ್310 ಅರ್ಧ ಪಾಸ್ಕಲ್ ಅಷ್ಟೇ. ಕೂಲರ್ ಇರುವ ಕೋಣೆಯಿಂದ ಮಾಳಿಗೆಗೆ ಹೋದರೆ 10 ಡಿಗ್ರಿ ಸಲೀಸು. ಅಂದ್ರೆ ಮೊದಲನೆಯದರಲ್ಲಿ ಮೀಟರಿಗಿಂತ ಜಾಸ್ತಿ ತಪ್ಪು.

ಆದರೆ ಇದೆಲ್ಲ ಚಿಲ್ಲರೆ. ಒಂದು ದಿನ ಬೋರ್ಡನ್ನು ಮೇಜಿನ ಮೇಲೇ ಬಿಟ್ಟಿದ್ದೆ. ಬೆಳಿಗ್ಗೆ 10ಕ್ಕೆ ಸೊನ್ನೆ, ಸಂಜೆ 4ಕ್ಕೆ ಮೂರರಲ್ಲೂ 25 ಮೀಟರ್ ಹತ್ತಿರ! ಮರುದಿನವೂ ಅಷ್ಟೇ. ಬೈಯೋಣ ಅಂದ್ರೆ ಮೂರೂ ಸೇರಿ ಸುಳ್ಳು ಹೇಳುವುದು ಹೇಗೆ? ಆಮೇಲೆ ಓದಿದರೆ, ಸೂರ್ಯನ ಕಾವಿಗೆ ವಾತಾವರಣಕ್ಕೂ ಸಮುದ್ರದ ಹಾಗೆ ದಿನಕ್ಕೆ ಎರಡು ಸಲ ಉಬ್ಬರ ಇಳಿತ ಇದೆಯಂತೆ. ಬೆಳಿಗ್ಗೆ, ರಾತ್ರಿ 10ರ ಸುಮಾರಿಗೆ ಒತ್ತಡ ಜಾಸ್ತಿ, 4ರ ಸುಮಾರಿಗೆ ಕಡಿಮೆ. ಒತ್ತಡ ಇಳಿದರೆ ಸೆನ್ಸರ್ ಮೇಲೆ ಹತ್ತಿದೆ ಅಂದುಕೊಳ್ಳುತ್ತದೆ. ನಮ್ಮಂಥ ಉಷ್ಣ ನಾಡಲ್ಲಿ ಈ ಏರಿಳಿತ 3 ಹೆಕ್ಟೋಪಾಸ್ಕಲ್ (300 ಪಾಸ್ಕಲ್) ಆಸುಪಾಸು, ಒಂದೊಂದು ಹೆಕ್ಟೋಪಾಸ್ಕಲ್‌ಗೂ ಇಲ್ಲಿ ಸುಮಾರು 9 ಮೀಟರ್.

ಇನ್ನೊಂದು ತೊಡಕು ಒತ್ತಡದಿಂದ ಎತ್ತರ ಲೆಕ್ಕ ಹಾಕುವ ಸೂತ್ರದ್ದು. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಅಂತ ಅದು ನಂಬಿಕೊಂಡಿದೆ. ಪಾಪ, ಬಳ್ಳಾರಿ ನೋಡಿಲ್ಲ. 38 ಡಿಗ್ರಿಯಲ್ಲಿ 100 ಮೀಟರ್ ಹತ್ತಿದರೆ 92 ಅನ್ನುತ್ತದೆ. ಕೋಡಿನಲ್ಲಿ ಆ ದಿನದ ಉಷ್ಣಾಂಶ ಸೇರಿಸಿದೆ.

ಡಬ್ಬಿಗೆ ಡಿಪಿಎಸ್310 ಹಾಕಿದ್ದೇನೆ. ಭಾನುವಾರ ಬೆಳಗಿನ ಜಾವ ಆನೆಗುಂದಿ ಕಡೆ ಹೋಗಿ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬೇಗ ಇಳಿದು, ಕೆಳಗೆ ಮತ್ತೆ ಸೊನ್ನೆ ಬರುತ್ತದಾ ನೋಡಬೇಕು.