ನೀವೂ ದೆವ್ವದ ಹಬ್ಬ ಮಾಡ್ತೀರಾ?

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ನನಗೆ ಈ ಫೋನ್ ಬರಲು ಶುರುವಾಗುತ್ತದೆ. ಮಾಡುವವರು ಹೆಚ್ಚಾಗಿ ಆ ವರ್ಷವಷ್ಟೇ ಅಮೆರಿಕದ ಓಹಾಯೋಗೆ ಬಂದ ಕನ್ನಡದವರು. ಮಗು ಶಾಲೆಯಿಂದ ಒಂದು ಚೀಟಿ ತಂದಿರುತ್ತದೆ. ಇಂಥ ದಿನ ವೇಷ ಹಾಕಿಕೊಂಡು ಬರಬೇಕು, ಪರೇಡ್ ಇದೆ ಅಂತ. ತಾಯಿಗೆ ಗಾಬರಿ. "ಅಕ್ಕಾ, ಹ್ಯಾಲೋವೀನ್‌ಗೆ ಮಕ್ಕಳ ಜೊತೆ ಏನೇನು ಮಾಡ್ತಾರೆ ಇಲ್ಲಿ?" ಆಮೇಲೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ. "ಅಲ್ಲಾ, ಅದು ದೆವ್ವದ ಹಬ್ಬ ಅಲ್ವಾ? ನೀವೂ ಮಾಡ್ತೀರಾ?"

ಪ್ರತಿ ವರ್ಷ ಫೋನಿನಲ್ಲಿ ಅರ್ಧರ್ಧ ಗಂಟೆ ಹೇಳುತ್ತೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಮೊದಲು ದನಿ ತಗ್ಗಿಸಿ ಕೇಳಿದ್ದಕ್ಕೆ ಉತ್ತರ. ಹೌದು, ಮಾಡುತ್ತೇವೆ. ಇದರ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಸತ್ತವರು ಓಡಾಡುತ್ತಾರೆ ಎಂಬ ಹಳೆಯ ನಂಬಿಕೆ. ಅದಕ್ಕೆ ಸಾವಿನ್ ಅಂತ ಹೆಸರು. ಚರ್ಚಿನವರು ನವೆಂಬರ್ 1ನ್ನು ಎಲ್ಲ ಸಂತರ ದಿನ ಮಾಡಿದರು. ಅದರ ಹಿಂದಿನ ರಾತ್ರಿ ಹ್ಯಾಲೋವೀನ್ ಆಯಿತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಮಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ? ಅದೂ ಅಲ್ಲದೆ ಈಗ ಇಲ್ಲಿ ಉಳಿದಿರುವುದು ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು ಮಾತ್ರ. ಹೋಳಿ ಬಂತೆಂದರೆ "ಕಾಮಣ್ಣನ ಮಕ್ಕಳು ಕಳ್ಳ ನನ್ನ ಮಕ್ಕಳು" ಅಂತ ಕೂಗುತ್ತಾ ಸೌದೆ, ಬೆರಣಿ, ಚಿಲ್ಲರೆ ಎತ್ತಿದವರು ನಾವು. ಆಗ ನಮ್ಮನ್ನು ಯಾರೂ ಇದೆಲ್ಲ ಯಾಕೆ ಅಂತ ಕೇಳಲಿಲ್ಲ.

ಇನ್ನು ಏನು ಮಾಡಬೇಕು ಎಂಬ ಪ್ರಶ್ನೆ. ಅಂಗಡಿಗೆ ಹೋದರೆ ನೂರು ಸಾಮಾನು ತೋರಿಸುತ್ತಾರೆ. ಹನ್ನೆರಡು ಅಡಿಯ ಅಸ್ಥಿಪಂಜರ, ಹೊಗೆ ಬಿಡುವ ಯಂತ್ರ, ಪ್ಲಾಸ್ಟಿಕ್ಕಿನ ಗೋರಿಕಲ್ಲು. ಅವು ಯಾವುವೂ ಬೇಡ. ನಾನು ಹೇಳುವುದು ಒಂದೇ: ಮಿಠಾಯಿ ಬಟ್ಟಲು ಹಿಡಿದುಕೊಂಡು ಮನೆ ಮುಂದೆ ಕುರ್ಚಿ ಹಾಕಿ ಕೂತುಕೊಳ್ಳಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ ಕುಂಬಳಕಾಯಿ.

ಅಕ್ಟೋಬರ್‌ನಲ್ಲಿ ಒಂದು ಶನಿವಾರ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಸೂಪರ್‌ಮಾರ್ಕೆಟ್ಟಿನಲ್ಲಿ ಕುಂಬಳಕಾಯಿ ಅಗ್ಗ, ನಿಜ. ಆದರೆ ಬಳ್ಳಿಯಲ್ಲಿರುವ ಕಾಯಿ ನೋಡಿ, ಇದು ಬೇಕು ಅದು ಬೇಕು ಅಂತ ಜಗಳವಾಡಿ, ಎತ್ತಲಾಗದ್ದನ್ನೇ ಆರಿಸಿ, ತಳ್ಳುಗಾಡಿಯಲ್ಲಿ ಉರುಳಿಸಿಕೊಂಡು ಬರುವುದೇ ಆಟ. ಟ್ರ್ಯಾಕ್ಟರ್ ಹಿಂದೆ ಹುಲ್ಲಿನ ಪೆಂಡಿ ಹಾಕಿ ಕೂರಿಸಿ ಒಂದು ಸುತ್ತು ಹೊಡೆಸುತ್ತಾರೆ. ಜೋಳದ ಹೊಲದಲ್ಲಿ ದಾರಿ ತಪ್ಪಿಸುವ ಆಟ ಇರುತ್ತದೆ. ಬಿಸಿ ಆಪಲ್ ಸೈಡರ್ ಸಿಗುತ್ತದೆ. ಕೊಲಂಬಸ್ ಸುತ್ತಮುತ್ತ ಇರುವವರು ಸರ್ಕಲ್‌ವಿಲ್‌ನ ಕುಂಬಳಕಾಯಿ ಜಾತ್ರೆಗೂ ಒಮ್ಮೆ ಹೋಗಿ. 1903ರಿಂದ ನಡೆಯುತ್ತಿದೆ. ಅಕ್ಟೋಬರ್‌ನ ಮೂರನೇ ಬುಧವಾರದಿಂದ ಶನಿವಾರದವರೆಗೆ. ಸಾವಿರ ಪೌಂಡ್ ಮೀರಿದ ಕಾಯಿಗಳನ್ನು ತಂದು ತೂಗುತ್ತಾರೆ. ಅಂದರೆ ನಾನೂರೈವತ್ತು ಕಿಲೋಗೂ ಜಾಸ್ತಿ. ಊರಿನ ನೀರಿನ ಟ್ಯಾಂಕಿಗೂ ಕುಂಬಳಕಾಯಿಯ ಬಣ್ಣ ಬಳಿದಿದ್ದಾರೆ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಬೆಳಿಗ್ಗೆ ಬೇಗ ಹೊರಡಿ.

ಕಾಯಿ ಕೆತ್ತುವುದು ನಮ್ಮ ಮನೆಯಲ್ಲಿ ದೊಡ್ಡ ಕೆಲಸ. 2024ರಲ್ಲಿ ನಮ್ಮತ್ತೆ ತೀರ್ಥಹಳ್ಳಿಯಿಂದ ಬಂದಿದ್ದರು. ಕಾಯಿಗೆ ಕಣ್ಣು, ಕೋರೆಹಲ್ಲು ಬರೆಯುತ್ತಿದ್ದ ಮೊಮ್ಮಗನನ್ನು ನೋಡಿ "ಇದೆಂತ ಹೊಸದಾ? ನಮ್ಮಲ್ಲಿ ಮನೆ ಕಟ್ಟುವಾಗ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ದೃಷ್ಟಿಗೆ ಕಟ್ಟೂದಿಲ್ವಾ?" ಅಂದರು. ಹನ್ನೆರಡು ವರ್ಷದಿಂದ ಕುಂಬಳಕಾಯಿ ಕೆತ್ತುತ್ತಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ಐರಿಷ್ ಜನ ಮೊದಲು ಟರ್ನಿಪ್ ಗಡ್ಡೆ ಕೆತ್ತಿ ಒಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ಇಲ್ಲಿಯ ಕುಂಬಳಕಾಯಿ ಸಿಕ್ಕಿತು. ಕೈಗೆ ಸಿಕ್ಕ ತರಕಾರಿಯಲ್ಲಿ ಊರಿನ ಹಬ್ಬ ಮಾಡಿಕೊಂಡರು. ನಾವೂ ಇಲ್ಲಿ ಮಾವಿನೆಲೆ ಸಿಗದೆ ಕಾಗದದ ತೋರಣ ಕಟ್ಟುತ್ತೇವಲ್ಲ, ಹಾಗೆ.

ಆದರೆ ನಾನು ಚಾಕು ಎತ್ತಿದ ಕೂಡಲೇ ಅತ್ತೆ ತಡೆದರು. ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಒಡೆಯಬಾರದಂತೆ. ಕಂಪ್ಯೂಟರ್ ಮುಂದೆ ಮೀಟಿಂಗಿನಲ್ಲಿದ್ದ ಮಗನನ್ನು ಎಬ್ಬಿಸಿ ತಂದು ಮೊದಲ ಗೀರು ಹಾಕಿಸಿದರು. ಉಳಿದದ್ದು ಪೂರ್ತಿ ನಾನೇ ಕೊಯ್ದೆ, ಅದು ಬೇರೆ ಮಾತು.

ಅನುಭವದಿಂದ ಕಲಿತ ಕೆಲವು ಗುಟ್ಟು ಹೇಳುತ್ತೇನೆ. ಮೇಲಿನ ಮುಚ್ಚಳ ಕೊಯ್ಯುವಾಗ ಚಾಕು ಓರೆಯಾಗಿ ಹಿಡಿಯಿರಿ. ನೇರ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಮುಖ ಬರುವ ಕಡೆಯ ತಿರುಳನ್ನು ಒಳಗಿನಿಂದ ಕೆರೆದು ಒಂದು ಇಂಚು ದಪ್ಪಕ್ಕೆ ಇಳಿಸಿದರೆ ಕೊಯ್ಯುವುದು ಸಲೀಸು. ಸಣ್ಣ ಮಕ್ಕಳ ಕೈಗೆ ಚಾಕು ಬೇಡ. ಬೀಜ, ನಾರು ಕೈಹಾಕಿ ಎಳೆಯುವ ಲೊಳಲೊಳ ಕೆಲಸ ಅವರಿಗೆ ಕೊಡಿ, ಅದೇ ಅವರಿಗೆ ಇಷ್ಟ. ಒಳಗೆ ಮೇಣದ ಬತ್ತಿ ಬದಲು ಬ್ಯಾಟರಿ ದೀಪ ಇಡಿ, ವೇಷದ ಬಟ್ಟೆಗೆ ಬೆಂಕಿ ತಗಲುವ ಭಯ ಇರುವುದಿಲ್ಲ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಮಾತ್ರ ಕೆತ್ತಿ. ನಾವು ಕೆತ್ತಲು ಶುರು ಮಾಡಿದ ಮೊದಲ ವರ್ಷ ಹದಿನೈದು ದಿನ ಮುಂಚೆಯೇ ಕೆತ್ತಿ ಹೊರಗಿಟ್ಟೆವು. 31ರ ಹೊತ್ತಿಗೆ ಅದು ಹಲ್ಲು ಬಿದ್ದ ಅಜ್ಜನ ಮುಖದ ಹಾಗೆ ಒಳಗೆ ಕುಸಿದು, ಬೂಷ್ಟು ಹಿಡಿದಿತ್ತು. ಒಂದು ಕಣ್ಣನ್ನು ಅಳಿಲು ತಿಂದಿತ್ತು.

ಬೀಜ ಎಸೆಯಬೇಡಿ. ತೊಳೆದು, ಒರೆಸಿ, ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ ಸವರಿ 350 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಹದಿನೈದು ಇಪ್ಪತ್ತು ನಿಮಿಷ ಹುರಿಯಿರಿ. ಕೆತ್ತುವ ದೊಡ್ಡ ಕಾಯಿಯ ತಿರುಳು ನೀರುನೀರು, ರುಚಿ ಇಲ್ಲ. ಅಡುಗೆಗೆ ಬೇಕಾದರೆ ಪೈ ಕುಂಬಳ ಅಂತ ಮಾರುವ ಸಣ್ಣದನ್ನು ತನ್ನಿ. ಅತ್ತೆ ಅದರಲ್ಲಿ ಚೀನಿಕಾಯಿ ಕಡುಬು ಮಾಡಿದರು. ಆ ವಾರದಲ್ಲಿ ಮಕ್ಕಳು ಕೇಳಿ ಹಾಕಿಸಿಕೊಂಡು ತಿಂದ ತರಕಾರಿ ಅದೊಂದೇ.

ವೇಷದ ವಿಷಯಕ್ಕೆ ಬರೋಣ. ನಾವೆಲ್ಲ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆಗೆ ನಿಂತವರೇ. ಅಪ್ಪ ಅಮ್ಮ ರಟ್ಟು ಕತ್ತರಿಸಿ ಕಿರೀಟ ಮಾಡುತ್ತಿದ್ದರು. ಅದನ್ನೇ ಮಾಡಿ. ಅಂಗಡಿಯ ನಲವತ್ತು ಡಾಲರಿನ ವೇಷ ನವೆಂಬರ್ 1ಕ್ಕೆ ಹರಿದಿರುತ್ತದೆ. ನಮ್ಮ ಮಗ ಒಂದು ವರ್ಷ ಆಟೋರಿಕ್ಷಾ ಆದ. ಡಯಾಪರ್ ಡಬ್ಬದ ರಟ್ಟು, ಹಳದಿ ಹಸಿರು ಬಣ್ಣ, ಕೆಎ 02 ಅಂತ ನಂಬರ್ ಪ್ಲೇಟು, ಹಿಂದೆ "ಅಮ್ಮನ ಆಶೀರ್ವಾದ". ಬೀದಿಯಲ್ಲಿ ಒಬ್ಬರು ಜೇನುನೊಣವಾ ಅಂದರು, ಇನ್ನೊಬ್ಬರು ಶಾಲಾ ಬಸ್ಸಾ ಅಂದರು. ಮೂರನೇ ಮನೆಯಿಂದ ಅವನೇ ನಿಂತು ವಿವರಿಸಲು ಶುರು ಮಾಡಿದ. ಮೀಟರ್ ಮೇಲೆ ಎಷ್ಟು ಜಾಸ್ತಿ ಕೇಳುತ್ತಾರೆ ಎಂಬುದೂ ಸೇರಿ. ಒಂದೊಂದು ಮನೆಗೆ ಹತ್ತು ನಿಮಿಷ!

ಈ ಸೀಮೆಯ ಚಳಿ ಮರೆಯಬೇಡಿ. ಅಕ್ಟೋಬರ್ ಕೊನೆಯ ರಾತ್ರಿ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಇಲ್ಲಿ ಮಾಮೂಲು. ಸ್ವೆಟರ್ ಮೇಲೆ ಹಿಡಿಸುವಷ್ಟು ದೊಗಲೆ ವೇಷ ಇರಲಿ. ಇಲ್ಲದಿದ್ದರೆ ರಾಜಕುಮಾರಿ ಮೇಲೆ ಜಾಕೆಟ್ ಹಾಕಬೇಕು, ರಾಜಕುಮಾರಿ ಬೀದಿಯಲ್ಲಿ ಕೂತು ಅಳುತ್ತಾಳೆ. ಕಣ್ಣು ಮುಚ್ಚುವ ಮುಖವಾಡಕ್ಕಿಂತ ಮುಖಕ್ಕೆ ಬಣ್ಣ ವಾಸಿ. ಬೆನ್ನಿಗೆ ಹೊಳೆಯುವ ಟೇಪು ಅಂಟಿಸಿ. ಆ ರಾತ್ರಿಯ ನಿಜವಾದ ಅಪಾಯ ದೆವ್ವವಲ್ಲ, ಕಾರು. ನಿಂತ ಕಾರುಗಳ ಸಂದಿಯಿಂದ ಮಕ್ಕಳು ಒಮ್ಮೆಲೇ ರಸ್ತೆಗೆ ನುಗ್ಗುತ್ತಾರೆ.

ಮಿಠಾಯಿಗೆ ಯಾರೋ ವಿಷ ಹಾಕುತ್ತಾರಂತೆ ಅಂತ ಪ್ರತಿ ವರ್ಷ ವಾಟ್ಸಾಪ್ ಬರುತ್ತದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಇದನ್ನೇ ದಶಕಗಟ್ಟಲೆ ಹುಡುಕಿದ್ದಾರೆ. ಗೊತ್ತಿಲ್ಲದವರು ಹಂಚಿದ ಮಿಠಾಯಿಯಿಂದ ಹೀಗೆ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ನೀವು ನೋಡಬೇಕಾದದ್ದು ಬೇರೆ. ಸಸ್ಯಾಹಾರಿಗಳಾದರೆ ಜೆಲಟಿನ್ ಗಮನಿಸಿ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಗಮ್ಮಿ, ಮಾರ್ಷ್‌ಮ್ಯಾಲೊ, ಕ್ಯಾಂಡಿ ಕಾರ್ನ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೂಸಿಗೆ ಗಟ್ಟಿ ಮಿಠಾಯಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಕಡಲೆಕಾಯಿ ಆಗದ ಮಕ್ಕಳು ಇಲ್ಲಿ ತುಂಬಾ. ಕೆಲವು ಮನೆ ಮುಂದೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಕಾಣುತ್ತದೆ. ಈ ಮನೆಯಲ್ಲಿ ಮಿಠಾಯಿ ಬದಲು ಪೆನ್ಸಿಲ್ಲು, ಸ್ಟಿಕ್ಕರಿನಂಥದ್ದು ಇದೆ ಅಂತ ಅರ್ಥ. ನಾವೂ ಒಂದು ಇಡುತ್ತೇವೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಟ್ರಂಕ್ ಆರ್ ಟ್ರೀಟ್ ಇದೆ. ಚರ್ಚಿನದೋ ಶಾಲೆಯದೋ ಪಾರ್ಕಿಂಗ್‌ನಲ್ಲಿ ಕಾರು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆಗೆದು ಅಲಂಕಾರ ಮಾಡಿ, ಅಲ್ಲೇ ಮಿಠಾಯಿ ಹಂಚುತ್ತಾರೆ. ಪುಟ್ಟ ಮಕ್ಕಳಿಗೆ ಸುಲಭ. ಮೃಗಾಲಯಗಳಲ್ಲೂ ಕಾರ್ಯಕ್ರಮ ಇರುತ್ತದೆ. ಟಿಕೆಟ್ ಕೊಟ್ಟು ಹೆದರಿಸಿಕೊಳ್ಳುವ ಭೂತದ ಮನೆಗೆ ಹತ್ತು ವರ್ಷದ ಒಳಗಿನವರನ್ನು ಕರೆದೊಯ್ಯಬೇಡಿ. ದುಡ್ಡು ಕೊಟ್ಟು ಎರಡು ವಾರದ ನಿದ್ದೆ ಕಳೆದುಕೊಳ್ಳುವವರು ನೀವು, ಮಗುವಲ್ಲ.

ಈಗ ಆ ಸಂಜೆ. ಇಲ್ಲಿ ಮಕ್ಕಳು ಬರುವ ಹೊತ್ತನ್ನು ಊರಿನ ಆಡಳಿತವೇ ಗೊತ್ತು ಮಾಡುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಆರರಿಂದ ಎಂಟು. ಕೆಲವು ವರ್ಷ 31ರ ಬದಲು ಬೇರೆ ದಿನ ಇಡುತ್ತಾರೆ, ಹಾಗಾಗಿ ಊರಿನ ವೆಬ್‌ಸೈಟ್ ನೋಡಿಕೊಳ್ಳಿ. ಕೊಲಂಬಸ್ ಸುತ್ತಮುತ್ತ ಇದಕ್ಕೆ ಹ್ಯಾಲೋವೀನ್ ಅನ್ನುವುದಕ್ಕಿಂತ ಬೆಗ್ಗರ್ಸ್ ನೈಟ್ ಅನ್ನುವುದು ಹೆಚ್ಚು. ಅಂದರೆ ಭಿಕ್ಷೆಯವರ ರಾತ್ರಿ. ಈ ಹೆಸರು ಕೇಳಿದಾಗಿನಿಂದ ಅತ್ತೆಗೆ ಹಬ್ಬದ ಮೇಲೆ ಗೌರವ ಬಂತು. "ಭವತಿ ಭಿಕ್ಷಾಂ ದೇಹಿ ಅಲ್ಲವೋ ಇದು!"

ನಿಯಮ ಸರಳ. ಹೊರಗಿನ ದೀಪ ಉರಿಯುತ್ತಿದ್ದರೆ ಆ ಮನೆಗೆ ಹೋಗಬಹುದು, ಆರಿದ್ದರೆ ಹೋಗಬಾರದು. ಒಂದು ಮನೆಯಲ್ಲಿ ಒಂದೇ ತೆಗೆದುಕೊಳ್ಳಬೇಕು, ಥ್ಯಾಂಕ್ಸ್ ಹೇಳಬೇಕು. ನೀವು ಹಂಚುವಾಗ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದ್ದನ್ನೇ ಕೊಡಿ. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಎಷ್ಟೇ ಚೆನ್ನಾಗಿರಲಿ, ಗುರುತಿಲ್ಲದ ತಾಯಂದಿರು ಕಸಕ್ಕೆ ಹಾಕುತ್ತಾರೆ. ನಾನು ಹಂಚಿದ ಮೊದಲ ವರ್ಷ ನಲವತ್ತು ಮಾಡಿದ್ದೆ.

ನಾನು ಬೆಂಗಳೂರಿನಲ್ಲಿ ಬೆಳೆಯುತ್ತಿದ್ದಾಗ, ತೊಂಬತ್ತರ ದಶಕದಲ್ಲಿ, ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ ಎಂಬ ಸುದ್ದಿ ಹಬ್ಬಿತ್ತು. ಬೀದಿಯ ಪ್ರತಿ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿದ್ದರು. ಇಲ್ಲಿ ಬಂದ ಮೊದಲ ಹ್ಯಾಲೋವೀನ್‌ಗೆ ನಾವೂ ಹೆಚ್ಚುಕಡಿಮೆ ಅದನ್ನೇ ಮಾಡಿದೆವು. ದೀಪ ಆರಿಸಿ, ಪರದೆ ಎಳೆದು, ಒಳಗೆ ಪಿಸುಗುಟ್ಟುತ್ತಾ ಕೂತೆವು. ಆ ಬೀದಿಯಲ್ಲಿ ಎಂಟು ತಿಂಗಳಾಗಿತ್ತು. ಪಕ್ಕದ ಮನೆಯವರ ಹೆಸರೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಗ್ಯಾರೇಜ್ ಬಾಗಿಲು ತೆಗೆದು ಮೂರು ಕುರ್ಚಿ ಹಾಕಿದೆವು. ಎರಡು ಗಂಟೆಯಲ್ಲಿ ಇಡೀ ಬೀದಿಯೇ ಬಂದು ಹೋಯಿತು. ಮಕ್ಕಳ ಹಿಂದೆ ಅಪ್ಪ ಅಮ್ಮಂದಿರು ಇರುತ್ತಾರಲ್ಲ, ಅವರಿಗೆ ಮಾಡಲು ಕೆಲಸವಿರುವುದಿಲ್ಲ, ನಿಂತು ಮಾತಾಡುತ್ತಾರೆ. ಕೊಳಾಯಿ ರಿಪೇರಿಗೆ ಯಾರನ್ನು ಕರೆಯಬೇಕು, ಯಾವ ಟೀಚರ್ ಒಳ್ಳೆಯವರು, ಎದುರು ಮನೆ ಅಜ್ಜನಿಗೆ ಆಪರೇಷನ್ ಆಯಿತಂತೆ. ಇದೆಲ್ಲ ನನಗೆ ಗೊತ್ತಾದದ್ದು ಆ ರಾತ್ರಿ. ವರ್ಷದ ಮಿಕ್ಕ ದಿನಗಳಲ್ಲಿ ಇಲ್ಲಿ ಕೇಳದೆ ಯಾರ ಬಾಗಿಲೂ ತಟ್ಟುವಂತಿಲ್ಲ. ಫೋನ್ ಮಾಡಿ, ಹೊತ್ತು ಗೊತ್ತು ಮಾಡಿಕೊಂಡೇ ಹೋಗಬೇಕು. ಈ ಒಂದು ಸಂಜೆ ಮಾತ್ರ ಬಾಗಿಲು ತಟ್ಟದಿದ್ದರೆ ಬೇಜಾರು.

ಆಟ ಬೇಕೆಂದರೆ ಮಿಸೌರಿಯ ಸೇಂಟ್ ಲೂಯಿಸ್‌ನವರ ಪದ್ಧತಿ ತಂದುಕೊಳ್ಳಿ. ಅಲ್ಲಿ ಮಕ್ಕಳು ಒಂದು ಜೋಕ್ ಹೇಳಿದ ಮೇಲೆಯೇ ಮಿಠಾಯಿ. ನಮ್ಮ ಮನೆಯಲ್ಲೂ ಈಗ ಅದೇ ಕಾನೂನು. ಜೋಕ್ ಹೇಳಲು ನಾಚುವವರು ಒಂದು ಹೆಜ್ಜೆ ಕುಣಿದರೂ ಆಯಿತು. ದೊಡ್ಡವರಿಗೆ ಪಕ್ಕದಲ್ಲಿ ಬಿಸಿ ಕಾಫಿ ಫ್ಲಾಸ್ಕು, ಒಂದು ತಟ್ಟೆ ಚಕ್ಕುಲಿ. ಅದನ್ನು ಯಾರೂ ಕಸಕ್ಕೆ ಹಾಕಿಲ್ಲ, ಈಗ ಕೇಳಿಕೊಂಡೇ ಬರುತ್ತಾರೆ.

2024ರಲ್ಲಿ ಅಕ್ಟೋಬರ್ 31 ನರಕ ಚತುರ್ದಶಿಯೂ ಆಗಿತ್ತು. ಬೆಳಿಗ್ಗೆ ಐದಕ್ಕೆ ಅತ್ತೆ ಎಲ್ಲರಿಗೂ ಎಣ್ಣೆ ನೀರು ಹಾಕಿಸಿದರು. ಶಾಲೆಯ ಪರೇಡಿಗೆ ಮಗಳು ಸೀಗೆಕಾಯಿ ವಾಸನೆಯ ಮಾಟಗಾತಿಯಾಗಿ ಹೋದಳು. ಸಂಜೆ ಗ್ಯಾರೇಜಿನಲ್ಲಿ ಒಂದು ಕಡೆ ಕೆತ್ತಿದ ಕುಂಬಳಕಾಯಿ, ಇನ್ನೊಂದು ಕಡೆ ಮಣ್ಣಿನ ಹಣತೆ. ಬಂದವರೆಲ್ಲ ಹಣತೆ ಯಾಕೆ ಅಂತ ಕೇಳಿದರು. ಅತ್ತೆ ನರಕಾಸುರನ ಕಥೆಯನ್ನು ಕನ್ನಡದಲ್ಲೇ ಹೇಳಿದರು, ಮೊಮ್ಮಗ ಅರ್ಧಂಬರ್ಧ ಅನುವಾದ ಮಾಡಿದ. ಸತ್ಯಭಾಮೆ ಬಾಣ ಬಿಟ್ಟಳು ಎಂಬಲ್ಲಿ ಒಬ್ಬ ಪುಟ್ಟ ಡೈನೋಸಾರ್ ಚಪ್ಪಾಳೆ ತಟ್ಟಿತು.

ಎಂಟಕ್ಕೆ ದೀಪ ಆರಿಸಿದೆವು. ಮಕ್ಕಳು ದಿಂಬಿನ ಚೀಲ ನೆಲಕ್ಕೆ ಸುರಿದು ವ್ಯಾಪಾರಕ್ಕೆ ಕೂತರು. ಎರಡು ಕ್ಯಾರಮೆಲ್‌ಗೆ ಒಂದು ಚಾಕೊಲೇಟ್, ಲಾಲಿಪಾಪ್‌ಗೆ ಯಾರೂ ಕಿಮ್ಮತ್ತು ಕೊಡಲಿಲ್ಲ. ಅತ್ತೆ ಬಂದು ರಾಶಿಯ ಪಕ್ಕ ಕೂತರು.

"ಭಿಕ್ಷೆ ಎತ್ತಿ ತಂದದ್ದನ್ನು ಮೊದಲು ಗುರುವಿಗೆ ಒಪ್ಪಿಸಬೇಕು, ಗೊತ್ತುಂಟಾ?"

"ಗುರು ಯಾರು ಅಜ್ಜಿ?"

"ನಾನೇ ಕಣೋ" ಎಂದು ಅತ್ತೆ ಕಡಲೆಕಾಯಿ ಚಾಕೊಲೇಟ್‌ಗಳನ್ನಷ್ಟೇ ಆರಿಸಿ ಸೆರಗಿಗೆ ಹಾಕಿಕೊಂಡರು.