ಕೀಮೋ ವಾಂತಿಗೆ ವಿಜಯಾ ಎಣ್ಣೆ: ಹನಿ ಎಣಿಸುವ ಮೊದಲು

ವಿಜಯಾ ಎಣ್ಣೆ ಅಂದರೆ ಭಂಗಿ, ಅಂದರೆ ಗಾಂಜಾ ಗಿಡದ ಎಲೆಯಿಂದ ತೆಗೆದ ಎಣ್ಣೆ. ಕ್ಯಾನ್ಸರಿಗೆ ಕೀಮೋ ಶುರುವಾದ ಮನೆಗೆ ಸಲಹೆಗೇನೂ ಬರವಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ‘ಭಂಗಿ ಸೊಪ್ಪು ಅರೆದು ಕುಡಿಸಿ, ಗಡ್ಡೆ ಕರಗುತ್ತೆ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಕರಗುತ್ತದೆ ಅನ್ನುವುದಕ್ಕೆ ನಂಬುವಂಥ ಪುರಾವೆಯಿಲ್ಲ. ಪುರಾವೆ ಇರುವುದು ಬೇರೆ ಔಷಧಿಗೆ ಬಗ್ಗದ ವಾಂತಿಗೆ. ಗಾಂಜಾದಲ್ಲಿ ಮತ್ತೇರಿಸುವ ಅಂಶವೇ ಟಿಎಚ್‌ಸಿ. ಟಿಎಚ್‌ಸಿ ಇರುವ ಡ್ರೊನಾಬಿನಾಲ್‌ಗೆ ಅಮೆರಿಕ 1985ರಲ್ಲೇ ಒಪ್ಪಿಗೆ ಕೊಟ್ಟಿದ್ದೂ ಅದಕ್ಕೇ. ಆದರೂ ಮೊದಲು ವಾಂತಿ ತಡೆಯಲು ಕೊಡುವ ಒಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್. ಅವು ಸಾಲದಿದ್ದರೆ ಓಲಾಂಜಪಿನ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ.

ಸೇದುವುದು ಬೇಡವೇ ಬೇಡ. ನಮ್ಮ ಜಡಿಮಳೆಯಲ್ಲಿ ಅಡಿಕೆಗೇ ಬೂಸಲು ಬರುತ್ತದೆ, ಗಾಂಜಾ ಹೂವಿಗೆ ಬಾರದಿರುತ್ತದೆಯೇ? ಕೀಮೋ ಆದ ಸುಮಾರು 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಆಸ್ಪರ್ಜಿಲಸ್ ಬೂಸಲು ಶ್ವಾಸಕೋಶ ಹೊಕ್ಕರೆ ಜೀವಕ್ಕೇ ಸಂಚಕಾರ. ಕಾನೂನಿನ ತೊಡಕು ಬೇರೆ: ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೂವು ಗಾಂಜಾ, ರಾಳ ಚರಸ್, ಎರಡೂ ಅಪರಾಧ. ಬರೀ ಎಲೆ ಆ ವ್ಯಾಖ್ಯೆಯೊಳಗಿಲ್ಲ. ಎಲೆಯಿಂದ ತೆಗೆದ ವಿಜಯಾ ಎಣ್ಣೆ ಆಯುರ್ವೇದ ವೈದ್ಯರ ಚೀಟಿಗೆ ಸಿಗುವುದು ಹಾಗಾಗಿ.

ಎಡವುವುದು ಲೆಕ್ಕದಲ್ಲಿ. 30 ಮಿಲೀ ಬಾಟಲಿ ಮೇಲೆ ‘3000 ಮಿಗ್ರಾಂ, 1:1’ ಅಂತಿದ್ದರೆ ಟಿಎಚ್‌ಸಿ ಅರ್ಧ, ಮತ್ತೇರಿಸದ ಸಿಬಿಡಿ ಅರ್ಧ, ಅಂದರೆ ತಲಾ 1500. ಮಿಲೀಗೆ 50. ಮಿಲೀಗೆ 20 ಹನಿ ಅಂತಿಟ್ಟುಕೊಂಡರೆ ಒಂದು ಹನಿಯಲ್ಲೇ 2.5 ಮಿಗ್ರಾಂ. ಹೊಸಬರಿಗೆ ಸಾಮಾನ್ಯವಾಗಿ ಶುರುಮಾಡುವ ಪ್ರಮಾಣವೇ ಅಷ್ಟು, ವಯಸ್ಸಾದವರಿಗೆ ಅದೂ ಜಾಸ್ತಿ. ಲೇಬಲ್ಲಿನಲ್ಲಿ ಟಿಎಚ್‌ಸಿ ಎಷ್ಟೆಂದು ಬಿಡಿಸಿ ಬರೆಯದ ಬಾಟಲಿ ಕೊಳ್ಳಲೇಬೇಡಿ.

ನುಂಗಿದ್ದು ಹತ್ತಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ‘ಏನೂ ಆಗಲಿಲ್ಲ’ ಅಂತ ಒಂದು ಗಂಟೆಗೆ ಇನ್ನೆರಡು ಹನಿ ಬಿಡುತ್ತಾರೆ. ಮಧ್ಯರಾತ್ರಿ ಎರಡೂ ಒಟ್ಟಿಗೆ ಏರಿ ಎದೆ ಡವಡವ, ಭಯ, ಬಚ್ಚಲಿಗೆ ಎದ್ದಾಗ ತಲೆಸುತ್ತಿ ಬೀಳುವುದು. ಮೊದಲ ಹನಿ ರಾತ್ರಿ ಮಲಗುವ ಮುಂಚೆ, ಪಕ್ಕದಲ್ಲಿ ಒಬ್ಬರಿರಬೇಕು, ಆ ದಿನ ಎರಡನೆಯದು ಇಲ್ಲ. ತುಪ್ಪದನ್ನದ ಜೊತೆ ಕೊಟ್ಟರೆ ಮೈ ಹೆಚ್ಚು ಹೀರಿಕೊಳ್ಳುತ್ತದೆ, ಖಾಲಿ ಹೊಟ್ಟೆಗೆ ಕಮ್ಮಿ. ಯಾವುದಾದರೂ ಒಂದು ಕ್ರಮ ಹಿಡಿದು ಬದಲಿಸದಿರಿ, ಇಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ಬಾಟಲಿಯನ್ನೇ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಡುವವರೇ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಲ್ಲಿ ಈ ಎಣ್ಣೆ, ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ಏರಿಸಿ ರಕ್ತಸ್ರಾವ ತರಬಹುದು. ಇಮ್ಯುನೋಥೆರಪಿಯಲ್ಲಿದ್ದವರಿಗೆ (ಮೈಯ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ಬೇಡವೆನ್ನುವ ವೈದ್ಯರಿದ್ದಾರೆ. ನೋವಿಗೇ ಅಂತಾದರೆ ಮೊದಲು ಮಾರ್ಫಿನ್ ಕೇಳಿ, ಅದೇ ಮಾದಕ ವಸ್ತು ಕಾಯ್ದೆಯ 2014ರ ತಿದ್ದುಪಡಿಯ ನಂತರ ಅದರ ಪರವಾನಗಿ ಸರಳವಾಗಿದೆ. ತಿಂಗಳುಗಟ್ಟಲೆ ಎಣ್ಣೆ ಬಳಸಿದ ಮೇಲೆ ವಾಂತಿ ಇನ್ನೂ ಹೆಚ್ಚಿ, ಬಿಸಿನೀರು ಹುಯ್ದುಕೊಂಡಾಗ ಮಾತ್ರ ಹಾಯೆನಿಸುತ್ತಿದ್ದರೆ ಎಣ್ಣೆಯೇ ಕಾರಣವಿರಬಹುದು. ನಿಲ್ಲಿಸಿ, ಆಸ್ಪತ್ರೆಗೆ ತೋರಿಸಿ.