ಜಿಪ್ಸಿಯ ಟಿಕ್ ಟಿಕ್ಕು, ತುಂಡಾದ ಎರಡು ಸ್ಟಡ್ಡು

ನಮ್ಮನೆ ಜಿಪ್ಸಿ 1998ರದ್ದು. ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬುರೇಟರ್ ಗಾಡಿ, ಎಂಪಿಎಫ್‌ಐ (ಕಾರ್ಬುರೇಟರ್ ಬದ್ಲು ಪೆಟ್ರೋಲ್ ಸಿಂಪಡಿಸೋ ಸಿಸ್ಟಮ್) ಬರೋಕೆ ಎರಡು ವರ್ಷ ಮುಂಚಿಂದು. ಕೊಪ್ಪದ ಹತ್ರ ತೋಟದ ರಸ್ತೇಲಿ ಗೊಬ್ಬರ, ಅಡಿಕೆ ಮೂಟೆ, ಕೆಲಸದವ್ರು, ಒಂದ್ಸಲ ಕರು ಸಮೇತ ಹೊತ್ತಿದೆ ಪಾಪ. ಅಪ್ಪಂಗೆ ಅದ್ರ ಮೇಲೆ ಇರೋ ಪ್ರೀತಿ ನನ್ ಮೇಲೆ ಇದ್ಯೋ ಇಲ್ವೋ ಗೊತ್ತಿಲ್ಲ.

ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ಸೌಂಡ್ ಶುರುವಾಯ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ ಕೂಡ್ಲೇ ಟಿಕ್ ಟಿಕ್ ಟಿಕ್ ಟಿಕ್, ಹೊಲಿಗೆ ಮಿಷನ್ ಓಡಿಸ್ದಂಗೆ, ಆಕ್ಸಿಲರೇಟರ್ ಕೊಟ್ರೆ ಜೋರು, ಒಂದು ಹತ್ತು ನಿಮಿಷ ಓಡಿ ಇಂಜಿನ್ ಬಿಸಿ ಆದ್ಮೇಲೆ ಹೆಚ್ಚು ಕಮ್ಮಿ ಮಾಯ. ಅಪ್ಪ ಹೇಳಿದ್ರು "ಟ್ಯಾಪೆಟ್ಟು" ಅಂತ, ಅಂದ್ರೆ ಇಂಜಿನ್ ಮೇಲ್ಗಡೆ ವಾಲ್ವ್ ಒತ್ತೋ ಭಾಗದ ಸಂದಿ ಜಾಸ್ತಿ ಆಗಿದೆ ಅಂತ. ಪೇಟೆ ಮೆಕ್ಯಾನಿಕ್ಕೂ ಟ್ಯಾಪೆಟ್ಟೇ ಅಂದ್ರು, ಸೆಟ್ ಮಾಡಿ ಕೊಟ್ರು, ಹೋಗ್ಲಿಲ್ಲ, ಇನ್ನೊಂದ್ಸಲ ಸೆಟ್ ಮಾಡಿದ್ರು, ಆಗ್ಲೂ ಹೋಗ್ಲಿಲ್ಲ, "ಹಳೇ ಗಾಡಿ ಅಲ್ವಾ ಇರ್ಲಿ ಬಿಡಿ" ಅಂದ್ರು.

ನಂಗೆ ಅನುಮಾನ ಬಂದಿದ್ದು ಸೌಂಡಿಂದ ಅಲ್ಲ, ತಲೆನೋವಿಂದ. ಆಗುಂಬೆ ಕಡೆ ಹೋಗಿ ಬಂದಾಗೆಲ್ಲ ಕಿಟಕಿ ಹಾಕ್ಕೊಂಡು ಕೂತ್ರೆ ಹಣೆ ಹತ್ರ ಹಿಡ್ಕೊಂಡಂಗೆ ಆಗ್ತಿತ್ತು. ಸೈಲೆನ್ಸರ್ ತನಕ ಹೋಗ್ಬೇಕಾದ ಹೊಗೆ ಬಾನೆಟ್ ಒಳಗೇ ಹೊರಗೆ ಬಂದ್ರೆ ಅದು ಒಳಗೆ ನುಗ್ಗದೆ ಎಲ್ಲಿಗೆ ಹೋಗುತ್ತೆ, ಅದ್ರಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಬಣ್ಣ ಏನೂ ಇಲ್ಲ, ಹಾಗಾಗಿ ಇದು ಬರೀ ಸೌಂಡಿನ ವಿಷ್ಯ ಅಂತ ಯಾರೂ ತಳ್ಳಿ ಹಾಕ್ಬೇಡಿ. ಮಾರನೇ ದಿನ ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡ್ಸಿ, ಎರಡಡಿ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಕೊಂಡು ಇನ್ನೊಂದು ತುದೀನ ಎಕ್ಸಾಸ್ಟ್ ಮೇನಿಫೋಲ್ಡ್ (ಸಿಲಿಂಡರ್‌ಗಳ ಹೊಗೇನ ಒಟ್ಟು ಸೇರ್ಸಿ ಸೈಲೆನ್ಸರ್ ಕಡೆ ಕಳ್ಸೋ ಬೀಡು ಕಬ್ಬಿಣದ ಪೈಪು) ಉದ್ದಕ್ಕೂ ಆಡಿಸ್ದೆ. ನಾಲ್ಕನೇ ಸಿಲಿಂಡರ್ ಹತ್ರ ಬಂದಾಗ ಕಿವಿಗೆ ಯಾರೋ ಉಫ್ ಉಫ್ ಅಂತ ಊದ್ದಂಗಾಯ್ತು. ಟಾರ್ಚ್ ಹಾಕಿ ನೋಡಿದ್ರೆ ಮೇನಿಫೋಲ್ಡಿಗೂ ಹೆಡ್ಡಿಗೂ (ಇಂಜಿನ್ನಿನ ಮೇಲ್ಭಾಗ) ಮಧ್ಯ ಇರೋ ಗ್ಯಾಸ್ಕೆಟ್ ಸಂದಿಯಿಂದ ಹೆಡ್ಡಿನ ಮೇಲೆ ಕಾಡಿಗೆ ತೀಡ್ದಂಗೆ ಕಪ್ಪು ಗೀರು, ಅಲ್ಲಿರ್ಬೇಕಾದ ನಟ್ಟೂ ಇಲ್ಲ, ಮೇನಿಫೋಲ್ಡನ್ನ ಹೆಡ್ಡಿಗೆ ಹಿಡಿದಿಡೋ ಸ್ಟಡ್ಡೂ (ತಲೆ ಇಲ್ದಿರೋ ಬೋಲ್ಟು) ಇಲ್ಲ. ಯಾವಾಗ್ಲೋ ತುಂಡಾಗಿ ಉದುರಿ ಹೋಗಿದೆ. ಬಿಸಿ ಆದ್ಮೇಲೆ ಬೀಡು ಹಿಗ್ಗಿ ಸಂದಿ ಮುಚ್ಕೊಳ್ತಿತ್ತು, ಅದಕ್ಕೇ ಸೌಂಡ್ ಹೋಗ್ತಿತ್ತು.

ಇಷ್ಟು ಕಂಡುಹಿಡ್ದ ಖುಷೀಲಿ ನಾನು ಮಾಡಿದ ದಡ್ಡ ಕೆಲ್ಸ ಕೇಳಿ. ಮೇನಿಫೋಲ್ಡ್ ಬಿಚ್ಚೋಣ ಅಂತ ಅವತ್ತೇ ಕೂತೆ. ಎಣ್ಣೆ ಹೊಡ್ದು ಹತ್ತು ನಿಮಿಷ ಬಿಟ್ಟು, 12ರ ಪಾನಾಕ್ಕೆ ಪೈಪ್ ಸಿಗ್ಸಿ ಎಳೆದೆ. ಮಧ್ಯದವು ಬಂದ್ವು. ಮೊದಲ್ನೇ ಸಿಲಿಂಡರಿಂದು, ಅಂದ್ರೆ ಮುಂದಿನ ತುದೀದು, ಗಟ್ಟಿಯಾಗಿ ಕೂತಿತ್ತು, ಆಮೇಲೆ ನಿಧಾನಕ್ಕೆ ತಿರುಗೋಕೆ ಶುರುವಾಯ್ತು, ಆಹಾ ಬಂತು ಅಂದ್ಕೊಂಡೆ. ಬರ್ತಿರೋ ನಟ್ಟು ಕೀ ಕೀ ಅನ್ನುತ್ತೆ, ಕೈಗೆ ಒರಟೊರಟಾಗಿ ಸಿಗುತ್ತೆ. ಇದು ಹಾಗಲ್ಲ, ಬೆಣ್ಣೇಲಿ ಚಮಚ ತಿರುಗ್ಸಿದಂಗೆ ಮೆತ್ತಗೆ, ಸದ್ದೇ ಇಲ್ದೆ ತಿರುಗ್ತಿತ್ತು. ಆ ಮೆತ್ತಗಾಗೋದು ಅಂದ್ರೆ ನಟ್ಟು ಬರ್ತಿಲ್ಲ, ಸ್ಟಡ್ಡು ಹುರಿಹಗ್ಗದ ಥರ ಹೊಸೀತಾ ಇದೆ ಅಂತ ಅರ್ಥ. ಅದು ತಲೆಗೆ ಹೋಗೋ ಅಷ್ಟರಲ್ಲಿ ಟಕ್. ಪಾನಾ ಸಮೇತ ನನ್ ಕೈ ಹೋಗಿ ರೇಡಿಯೇಟರ್ ಫ್ರೇಮಿಗೆ ಬಡೀತು. ಅಪ್ಪ ಜಗಲಿಯಿಂದ "ಎಂತ ಆಯ್ತು?" ಅಂದ್ರು. ಏನಿಲ್ಲ ಅಂದೆ.

ಈಗ ಒಂದಲ್ಲ, ಎರಡು. ಒಂದು ಮುಂದಿನ ತುದಿ, ಒಂದು ಹಿಂದಿನ ತುದಿ. ತುದೀವೇ ಯಾಕೆ ತುಂಡಾಗುತ್ತೆ ಅನ್ನೋದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯ್ತು. ಹೆಡ್ಡು ಅಲ್ಯೂಮಿನಿಯಂ, ಮೇನಿಫೋಲ್ಡು ಬೀಡು, ಮಧ್ಯ ಸ್ಟಡ್ಡು ಉಕ್ಕು. ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತೆ, ಆದ್ರೆ ಹೆಡ್ಡಿಗೆ ಸುತ್ತ ನೀರಿದೆ, ಅದು 90-100 ಡಿಗ್ರಿ ಹತ್ರ ಇರುತ್ತೆ, ಮೇನಿಫೋಲ್ಡ್ ಲೋಡಲ್ಲಿ 500 ಡಿಗ್ರಿ ದಾಟುತ್ತೆ. 35 ಸೆಂಟಿಮೀಟರ್ ಉದ್ದ ಅಂತ ಇಟ್ಕೊಂಡ್ರೆ ಬೀಡು ಹೆಚ್ಚು ಕಮ್ಮಿ 1.9 ಮಿಲಿಮೀಟರ್ ಬೆಳೆಯುತ್ತೆ, ಹೆಡ್ಡು ಅರ್ಧ ಮಿಲಿಮೀಟರ್ ಚಿಲ್ಲರೆ ಅಷ್ಟೇ. ಈ ವ್ಯತ್ಯಾಸ ಪೂರ್ತಿ ಎರಡು ತುದೀಗೆ ಹಂಚಿ ಹೋಗುತ್ತೆ, ಮಧ್ಯದ ಸ್ಟಡ್ಡಿಗೆ ಏನೂ ಆಗಲ್ಲ, ತುದಿ ಸ್ಟಡ್ಡು ದಿನಾ ಬಗ್ಗಿ ಬಗ್ಗಿ ಏಳುತ್ತೆ. ಅದಕ್ಕೇ ಮೇನಿಫೋಲ್ಡಿನ ತೂತು ಸ್ಟಡ್ಡಿಗಿಂತ ದೊಡ್ಡದಾಗಿರೋದು, ಸ್ವಲ್ಪ ಜಾರ್ಲಿ ಅಂತ, ಆದ್ರೆ ಇಪ್ಪತ್ತೈದು ಮಳೆಗಾಲದ ತುಕ್ಕು ಆ ಸಂದಿ ತುಂಬ್ಕೊಂಡು ಕೂತ್ರೆ ಜಾರೋದೆಲ್ಲಿಗೆ.

ಮುಂದಿನದು ಸುಲಭದ್ದು ಅನ್ಬೇಕು, ಅರ್ಧ ಸೆಂಟಿಮೀಟರ್ ಹೊರಗಡೆ ಉಳ್ಕೊಂಡಿತ್ತು. ವೈಸ್ ಗ್ರಿಪ್ ಹಾಕಿ ನೋಡ್ದೆ, ಜಾರಿ ಜಾರಿ ದುಂಡಗಾಯ್ತು. ಈ ಸಲ ಬುದ್ಧಿ ಬಂದಿತ್ತು, ನಿಲ್ಸಿದೆ. ಅರ್ಧ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಅರ್ಧ ಅಸಿಟೋನ್ ಬೆರ್ಸಿ ಬಾಟ್ಲೀಲಿ ಇಟ್ಕೊಂಡು, ಬಳಸೋ ಮುಂಚೆ ಅಲ್ಲಾಡ್ಸಿ, ನಾಲ್ಕು ದಿನ ಬೆಳಿಗ್ಗೆ ಸಂಜೆ ಎರಡು ಹನಿ ಬಿಟ್ಟೆ. ಅಮ್ಮ "ಕಿವಿಗೆ ಔಷಧಿ ಬಿಟ್ಟಂಗೆ ಬಿಡ್ತಾನೆ ನೋಡು" ಅಂದ್ರು. ಸ್ಪ್ರೇ ಡಬ್ಬಿ ಹೊಡ್ದು ಹತ್ತು ನಿಮಿಷಕ್ಕೆ ಪಾನಾ ಹಾಕೋದು ನನ್ ಪ್ರಕಾರ ದೇವಸ್ಥಾನದಲ್ಲಿ ತೀರ್ಥ ತಗೊಂಡಂಗೆ, ಮನಸ್ಸಿಗೆ ಸಮಾಧಾನ ಅಷ್ಟೇ.

ಐದನೇ ದಿನ ವೆಲ್ಡಿಂಗ್ ಅಂಗಡಿ ಅಣ್ಣನ್ನ ಮನೆಗೇ ಕರ್ಕೊಂಡು ಬಂದೆ. ಬ್ಯಾಟರಿ ಎರಡೂ ಕೇಬಲ್ ಬಿಚ್ಚಿ, ಅರ್ಥಿಂಗ್ ಕ್ಲಾಂಪ್ ಹೆಡ್ಡಿನ ಹತ್ರಾನೇ ಹಾಕಿ (ಎಲ್ಲೋ ಚಾಸಿಸಿಗೆ ಹಾಕಿದ್ರೆ ಆ ಕರೆಂಟು ಆಲ್ಟರ್ನೇಟರ್, ಬೇರಿಂಗ್ ಎಲ್ಲಾ ಸುತ್ತಾಡ್ಕೊಂಡು ಹೋಗುತ್ತೆ), ಕಾರ್ಬುರೇಟರ್ ಆ ಕಡೆ ಇದ್ರೂ ಅದ್ರ ಮೇಲೆ ಒದ್ದೆ ಗೋಣಿ ಹೊದಿಸಿ ಪಕ್ಕಕ್ಕೆ ಒಂದು ಬಕೆಟ್ ಮರಳು ಇಟ್ವಿ. ಉಳಿದ ತುಂಡಿನ ಮೇಲೆ ಒಂದು ದಪ್ಪ ನಟ್ಟು ಇಟ್ಟು, ನಟ್ಟಿನ ಒಳಗೆ 2.5 ಎಂಎಂ ರಾಡಲ್ಲಿ ತುಂಬ್ಸಿದ್ರು. ಕೆಳಗೆ ಅಲ್ಯೂಮಿನಿಯಂ ಇದ್ಯಲ್ಲ ಅಂಟ್ಕೊಳಲ್ವಾ ಅಂತ ನಂಗೆ ಹೆದ್ರಿಕೆ, ಇಲ್ಲ, ಉಕ್ಕಿನ ವೆಲ್ಡಿಂಗು ಅಲ್ಯೂಮಿನಿಯಂಗೆ ಹಿಡಿಯಲ್ಲ, ಕಿಡಿ ಬಿದ್ದಿದ್ದು ಉಗುರಲ್ಲಿ ಕೆರೆದ್ರೆ ಬರುತ್ತೆ. ಮೊದಲ್ನೇ ನಟ್ಟು ಕಿತ್ಕೊಂಡು ಬಂತು. ಎರಡ್ನೇದೂ ಬಂತು. ಮೂರ್ನೇ ಸಲ ಸ್ಟಡ್ಡಿನ ತಲೆ ಕೆಂಪಾಗೋ ತನಕ ತುಂಬ್ಸಿ, ಕೆಂಪು ಹೋಗಿ ಬೂದಿ ಬಣ್ಣಕ್ಕೆ ಬಂದ್ಮೇಲೆ ನಾನು ಮನೆ ಮೇಣದ ಬತ್ತಿ ತಂದು ಬುಡಕ್ಕೆ ಹಿಡ್ದೆ. ಮೇಣ ಕರಗಿ ನೀರಾಗಿ ಥ್ರೆಡ್ಡಿನ ಸಂದೀಗೆ ಸುರ್ ಅಂತ ಎಳ್ಕೊಂಡು ಹೋಗಿದ್ದು ಕಣ್ಣಿಗೇ ಕಾಣ್ತು. ಆಮೇಲೆ ಪಾನಾ. ಕಾಲು ಸುತ್ತು ಬಿಚ್ಚೋ ಕಡೆ, ಮತ್ತೆ ಕಾಲು ಸುತ್ತು ವಾಪಸ್ ಟೈಟ್ ಕಡೆ, ಮತ್ತೆ ಬಿಚ್ಚೋ ಕಡೆ. ಕೀ… ಅಂತು. ಆ ಕೀ ಕೇಳಿ ನಂಗೆ ಆದ ಖುಷಿ ಎಸ್ಸೆಸ್ಸೆಲ್ಸಿ ಪಾಸಾದಾಗ್ಲೂ ಆಗಿರ್ಲಿಲ್ಲ.

ಹಿಂದಿನದು ಶನಿ. ಹೆಡ್ಡಿನ ಮಟ್ಟಕ್ಕಿಂತ ಎರಡು ಮಿಲಿಮೀಟರ್ ಒಳಗೆ ತುಂಡಾಗಿದೆ, ವೆಲ್ಡಿಂಗ್ ರಾಡ್ ನೇರ ಹೋಗೋಕೆ ಜಾಗ ಇಲ್ಲ, ಹೋದ್ರೂ ಬರೀ ಕಿಟ್ಟ ತುಂಬ್ಕೊಳ್ತು. ಮಿಗ್ (ರಾಡ್ ಬದ್ಲು ಸಣ್ಣ ತಂತಿ ಬರೋ ವೆಲ್ಡಿಂಗ್) ಇದ್ದಿದ್ರೆ ಆಗ್ತಿತ್ತೇನೋ, ನಮ್ಮ ಪೇಟೇಲಿ ಆ ಅಣ್ಣನ ಹತ್ರ ಇದ್ದಿದ್ದು ಮಾಮೂಲಿ ಆರ್ಕ್. ಸರಿ ಡ್ರಿಲ್ ಮಾಡೋಣ ಅಂತ ಸೆಂಟರ್ ಪಂಚ್ ಇಟ್ಟು ಹೊಡ್ದೆ, ತುಂಡಾದ ಮುಖ ಇಳಿಜಾರಾಗಿತ್ತು, ಪಂಚು ಜಾರ್ತು. ಇಷ್ಟು ಸಾಕು ಅಂದ್ಕೊಂಡು 3 ಎಂಎಂ ಬಿಟ್ ಹಾಕಿದೆ. ಮೊದ್ಲು ಬೂದು ಬಣ್ಣದ ಸಣ್ಣ ಸಣ್ಣ ಚೂರು ಬರ್ತಿತ್ತು, ಉಕ್ಕು. ಸ್ವಲ್ಪ ಹೊತ್ತಲ್ಲಿ ಬೆಳ್ಳಗೆ ಮಿಂಚೋ ಸುರುಳಿ ಬರೋಕೆ ಶುರು. ತಕ್ಷಣ ಕೈ ಬಿಟ್ಟೆ. ಬೆಳ್ಳಗಿನ ಸುರುಳಿ ಅಂದ್ರೆ ಹೆಡ್ಡು. ಡ್ರಿಲ್ ಬಿಟ್ಟು ಗಟ್ಟಿ ಉಕ್ಕಿಂದ ತಪ್ಪಿಸ್ಕೊಂಡು ಮೆತ್ತಗಿರೋ ಅಲ್ಯೂಮಿನಿಯಂ ಕಡೆ ಹೊರಟಿತ್ತು, ದನ ಬೇಲಿ ಸಡಿಲ ಇರೋ ಕಡೆ ನುಗ್ದಂಗೆ.

ಆನ್‌ಲೈನಲ್ಲಿ ತರ್ಸಿದ್ದ ಈಸಿ ಔಟ್ ಸೆಟ್ (ತುಂಡಾದ ಸ್ಟಡ್ಡಿಗೆ ತೂತು ಕೊರೆದು, ಅದ್ರೊಳಗೆ ಸಿಗ್ಸಿ ತಿರುಗ್ಸಿ ತೆಗೆಯೋ ಸಾಧನ) ಹಿಡ್ಕೊಂಡು ಲೇತ್ ಸಾಬ್ರ ಹತ್ರ ಹೋದೆ. ಅವ್ರು ಅದನ್ನ ನೋಡಿ, "ಇದು ಒಳಗೆ ಮುರೀತು ಅಂದ್ರೆ ಆಮೇಲೆ ನನ್ ಹತ್ರ ಬರ್ಬೇಡಿ" ಅಂದ್ರು. ವಿಷ್ಯ ಏನಂದ್ರೆ, ಈಸಿ ಔಟ್ ಗಟ್ಟಿ ಮಾಡಿದ ಉಕ್ಕು, ಬಗ್ಗಲ್ಲ, ಮುರಿಯುತ್ತೆ, ಮುರಿದ್ರೆ ಮಾಮೂಲಿ ಹೆಚ್‌ಎಸ್‌ಎಸ್ ಡ್ರಿಲ್ ಬಿಟ್ಟು ಅದ್ರ ಮೇಲೆ ಗೀರೂ ಹಾಕಲ್ಲ. ಕಾರ್ಬೈಡ್ ಬಿಟ್ಟು ಬೇಕು, ಇಲ್ಲಾಂದ್ರೆ ಹೆಡ್ಡು ಬಿಚ್ಚಿ ಪೀಣ್ಯ ಕಡೆ ಸ್ಪಾರ್ಕ್ ಎರೋಷನ್ (ಕರೆಂಟ್ ಕಿಡೀಲಿ ಲೋಹ ಕೊರೆಯೋ) ಮಿಷನ್ ಹುಡ್ಕೊಂಡು ಹೋಗ್ಬೇಕು. ಅಲ್ದೆ ಮುಂದಿನ ಎಂಟು ಎಂಎಂ ಸ್ಟಡ್ಡು ಇಡೀ ತಾಕತ್ತಿಗೇ ಬಿಚ್ಚಿ ಬರ್ದೆ ತುಂಡಾಯ್ತು, ಹಂಗೇ ತುಕ್ಕು ಹಿಡ್ದಿರೋ ಇದನ್ನ ಅದ್ರ ಅರ್ಧ ದಪ್ಪದ ಈಸಿ ಔಟ್ ಬಿಚ್ಚುತ್ತೆ ಅನ್ನೋದೇ ತಮಾಷೆ. ಹೆಸರಲ್ಲಿ ಮಾತ್ರ ಈಸಿ.

ಸಾಬ್ರು ಮಾಡಿದ್ದು ಬೇರೆ. ಮೇನಿಫೋಲ್ಡ್ ತಗೊಂಡು ಬನ್ನಿ ಅಂದ್ರು. ಅದ್ರ ತೂತಿಗೆ ವರ್ನಿಯರ್ ಹಾಕಿ ಅಳ್ದು, ಅದ್ರಲ್ಲಿ ಬಿಗಿಯಾಗಿ ಕೂರೋ ಹಾಗೆ ಎಂಎಸ್ (ಮಾಮೂಲಿ ಮೆತ್ತನೆ ಉಕ್ಕು) ರಾಡಲ್ಲಿ ಒಂದು ಬುಷ್ (ಸಣ್ಣ ಕೊಳವೆ) ಕಡೆದ್ರು, ಮಧ್ಯಕ್ಕೆ ಸರಿಯಾಗಿ 4 ಎಂಎಂ ತೂತು. ಹೊರಗಿನ ಮೈ ಎರಡು ಸಲ ತೆಗ್ದು ಹಾಕಿ ನೋಡಿ, ಬೆರಳಲ್ಲಿ ಒತ್ತಿದ್ರೆ ಕೂರ್ಬೇಕು ಅಲ್ಲಾಡ್ಬಾರ್ದು ಅನ್ನೋ ತನಕ ತೀಡಿದ್ರು. ನೂರೈವತ್ತು ರೂಪಾಯಿ ತಗೊಂಡ್ರು, ನಾನಾಗಿದ್ರೆ ಸಾವಿರ ಕೇಳ್ತಿದ್ದೆ. ಮನೆಗೆ ಬಂದು ಗ್ಯಾಸ್ಕೆಟ್ ಇಲ್ದೆ ಮೇನಿಫೋಲ್ಡ್ ವಾಪಸ್ ಕೂರ್ಸಿ, ಉಳಿದ ಸ್ಟಡ್ಡಿಗೆ ನಟ್ಟು ಹಾಕಿ, ಬುಷ್ ಸಿಗ್ಸಿದ್ರೆ ಡ್ರಿಲ್ಲು ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಗ್ಬೇಕು, ಬೇರೆ ದಾರಿನೇ ಇಲ್ಲ. ಹೆಡ್ಡಿಗೂ ಮಡ್‌ಗಾರ್ಡಿಗೂ ಮಧ್ಯ ನನ್ ಡ್ರಿಲ್ ಮಿಷನ್ ಹಿಡಿಸ್ಲಿಲ್ಲ, ಕತ್ತು ಬಗ್ಗಿರೋ ಸಣ್ಣ ಡ್ರಿಲ್ಲು ಸಾಬ್ರೇ ಕೊಟ್ಟು ಕಳ್ಸಿದ್ರು. ಪಕ್ಕದ ಸರಿಯಿರೋ ತೂತಿನ ಆಳ ತಂತೀಲಿ ಅಳ್ದು, ಅಷ್ಟಕ್ಕೆ ಬಿಟ್ಟಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಟೇಪ್ ಬಂದ್ರೆ ನಿಲ್ಸು. ಕೆಲವು ಇಂಜಿನಲ್ಲಿ ಆ ತೂತಿನ ಹಿಂದೇನೇ ನೀರಿನ ದಾರಿ ಇರುತ್ತೆ, ಅಲ್ಲಿಗೆ ತೂತಾದ್ರೆ ಕಥೆ ಮುಗೀತು.

4 ಆದ್ಮೇಲೆ ಬುಷ್ ತೆಗ್ದು 5, 6, ಆಮೇಲೆ 6.5. ಪ್ರತಿ ಸಲ ನಿಧಾನ, ಎಣ್ಣೆ, ಚೂರು ಊದಿ ತೆಗಿ, ಮತ್ತೆ. ಕೊನೆಗೆ ಸ್ಟಡ್ಡು ಅನ್ನೋದು ಥ್ರೆಡ್ಡಿಗೆ ಅಂಟ್ಕೊಂಡಿರೋ ತೆಳು ಸಿಪ್ಪೆ ಆಗಿತ್ತು. ಹೆಡ್ಡಿಗೆ ಆ ಜಾಗದಲ್ಲಿ ಗ್ಯಾಸ್ ಟಾರ್ಚ್ ಹಿಡ್ದು ಬಿಸಿ ಮಾಡ್ದೆ. ಹುಷಾರು, ಅಲ್ಯೂಮಿನಿಯಂ ಕೆಂಪಾಗಲ್ಲ, ಬಣ್ಣ ಬದ್ಲಾಗ್ದೆ ಇದ್ದಕ್ಕಿದ್ದಂಗೆ ಕುಸಿಯುತ್ತೆ. ನಾನು ದೋಸೆ ಕಾವಲಿ ನೋಡೋ ಹಾಗೆ ನೀರು ಚಿಮುಕಿಸ್ತಾ ಇದ್ದೆ, ಹನಿ ಚುರ್ ಅಂದು ಕುಣಿದ್ರೆ ಸಾಕು, ಟಾರ್ಚ್ ಆಫ್. ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗೋದ್ರಿಂದ ಹಿಡಿತ ಸಡಿಲ ಆಗುತ್ತೆ. ಸಣ್ಣ ಚಾಣದಲ್ಲಿ ಸಿಪ್ಪೆಯ ಒಂದಂಚನ್ನ ಒಳಕ್ಕೆ ಬಗ್ಸಿ, ಮೂಗಿರೋ ಪ್ಲೈಯರಲ್ಲಿ ಹಿಡ್ದು ಸುತ್ತಿದ್ರೆ ಪೆನ್ನಿನ ಸ್ಪ್ರಿಂಗ್ ಥರ ಸುರುಳಿ ಸುರುಳಿಯಾಗಿ ಬಂತು ಮಾರಾಯ್ರೆ. ಅದಿನ್ನೂ ಇಟ್ಕೊಂಡಿದೀನಿ.

ಥ್ರೆಡ್ಡು ಮುಕ್ಕಾಲು ಭಾಗ ಚೆನ್ನಾಗಿತ್ತು, ಆದ್ರೆ ನಾನು ಮೊದ್ಲು ಅಡ್ಡಾದಿಡ್ಡಿ ಕೊರೆದ ಕಡೆ ತಿಂದು ಹೋಗಿತ್ತು. ಹಾಗೇ ಹಾಕೋಣ್ವಾ ಅಂತ ಆಸೆ ಆಯ್ತು, ಸುಳ್ಳು ಹೇಳಲ್ಲ. ಬೇಡ ಅಂತ ಬೆಂಗಳೂರಲ್ಲಿರೋ ದೊಡ್ಡಪ್ಪನ ಮಗನಿಗೆ ಹೇಳಿ ಜೆಸಿ ರೋಡಿಂದ ಎಂ8 (ಎಂಟು ಎಂಎಂ) ಹೆಲಿಕಾಯಿಲ್ ಕಿಟ್, ಅಂದ್ರೆ ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಹಾಕೋ ಸುರುಳಿ ಥ್ರೆಡ್ಡು, ತರ್ಸಿದೆ, ಬಸ್ಸಲ್ಲಿ ಬಂತು. 8.3 ಎಂಎಂ ಡ್ರಿಲ್ಲು, ಆ ಕಿಟ್ಟಿಂದೇ ಟ್ಯಾಪು, ಸ್ಟೀಲ್ ಸುರುಳಿ ಒಳಗೆ ತಿರುಗ್ಸಿ ಬಾಲ ಮುರಿಯೋದು, ಹತ್ತು ನಿಮಿಷದ ಕೆಲ್ಸ.

ವಾಪಸ್ ಜೋಡಿಸೋದ್ರ ಬಗ್ಗೆ ಹೆಚ್ಚು ಹೇಳೋಕಿಲ್ಲ. ಮೇನಿಫೋಲ್ಡಿನ ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯೋ ತೆಳು ತಗಡು) ತೂರ್ಸಿದ್ರೆ ತುದೀಲಿ 0.3 ಎಂಎಂ ಹೋಗ್ತಿತ್ತು, ಬಾಗಿತ್ತು, ಶಿವಮೊಗ್ಗಕ್ಕೆ ಕಳ್ಸಿ ಮಟ್ಟ ಮಾಡಿಸ್ದೆ. ಇದನ್ನ ಬಿಟ್ಟು ಬರೀ ಹೊಸ ಗ್ಯಾಸ್ಕೆಟ್ ಹಾಕಿದ್ರೆ ಮತ್ತೆ ಆರು ತಿಂಗ್ಳಿಗೆ ಅದೇ ಹಾಡು. ಸ್ಟಡ್ಡೆಲ್ಲ ಹೊಸದು, ಹಾರ್ಡ್‌ವೇರ್ ಅಂಗಡಿ ಎಂಎಸ್ ಅಲ್ಲ, ಇಂಜಿನ್ನಿಗೆ ಅಂತಾನೇ ಬರೋದು, ಥ್ರೆಡ್ಡಿಗೆ ಮತ್ತೆ ಹಿಡ್ಕೊಳ್ದಂಗೆ ಆಂಟಿ ಸೀಜ್ ಪೇಸ್ಟ್, ಹೆಡ್ಡೊಳಗೆ ಕೈಬಿಗಿ ಸಾಕು. ನಟ್ಟು ಮಧ್ಯದಿಂದ ಶುರು ಮಾಡಿ ತುದಿ ಕಡೆಗೆ, ಎರಡು ಮೂರು ಸುತ್ತಲ್ಲಿ, 20 ನ್ಯೂಟನ್ ಮೀಟರ್ ಆಸುಪಾಸು. ಅದು ಎಷ್ಟು ಕಮ್ಮಿ ಅಂದ್ರೆ ಟಾರ್ಕ್ ರೆಂಚ್ ಇಲ್ದೆ ಇದ್ದಿದ್ರೆ ನಾನು ಖಂಡಿತ ಎರಡರಷ್ಟು ಬಿಗಿ ಮಾಡ್ತಿದ್ದೆ. ಮೂರು ದಿನ ಓಡ್ಸಿ, ತಣ್ಣಗಾದ್ಮೇಲೆ ಇನ್ನೊಂದ್ಸಲ ನೋಡ್ದೆ, ಎರಡು ನಟ್ಟು ಸ್ವಲ್ಪ ತಿರುಗಿದ್ವು.

ಜೋಡ್ಸಿದ ಮಾರನೇ ಬೆಳಿಗ್ಗೆ ಮಂಜು ಇನ್ನೂ ತೋಟದ ಮೇಲೇ ಕೂತಿತ್ತು, ಗಾಡಿ ಐಸ್ ಥರ ತಣ್ಣಗಿತ್ತು. ಚೋಕ್ ಎಳ್ದು ಸ್ಟಾರ್ಟ್ ಮಾಡ್ದೆ. ಉಫ್ ಉಫ್ ಇಲ್ಲ, ಹೊಲಿಗೆ ಮಿಷನ್ ಇಲ್ಲ. ನಾನು ಬಾನೆಟ್ ಎತ್ತಿ ದೊಡ್ಡ ಇಂಜಿನಿಯರ್ ಥರ ಸೊಂಟಕ್ಕೆ ಕೈ ಇಟ್ಕೊಂಡು ನಿಂತೆ. ಅಪ್ಪ ಕಾಫಿ ಲೋಟ ಹಿಡ್ಕೊಂಡು ಬಂದು ಪಕ್ಕದಲ್ಲಿ ನಿಂತು ತಲೆ ಓರೆ ಮಾಡಿ ಕೇಳಿದ್ರು, ತುಂಬಾ ಹೊತ್ತು ಕೇಳಿದ್ರು. ಆಗ ನಂಗೂ ಕೇಳ್ತು, ಮೇಲಿಂದ, ವಾಲ್ವ್ ಕವರ್ ಕಡೆಯಿಂದ, ಸಣ್ಣಕೆ, ಟಿಕ್. ಟಿಕ್. ಟಿಕ್. ಲೀಕಿನ ಗದ್ದಲದಲ್ಲಿ ಎರಡು ಸಲ ಸೆಟ್ ಮಾಡಿದವ್ರಿಗೂ ಕೇಳಿಸ್ದೇ ಇದ್ದಿದ್ದು.

"ನಾ ಅವತ್ತೇ ಹೇಳಿದ್ನಲ್ಲ," ಅಂದ್ರು ಅಪ್ಪ, "ಟ್ಯಾಪೆಟ್ಟು."